ನಾಲ್ಕರಿಂದ ಆರರವರೆಗೆ

ಭಾನುವಾರ, ಬೆಳಗ್ಗೆ

ನನ್ನ ಮುದ್ದು ಮಗಳೇ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಎಡಮಂಡಿಯೊಂದನ್ನು ಬಿಟ್ಟು. ಅದು ಎಂದೂ ನನ್ನ ಮಾತು ಕೇಳಿದ್ದಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ತಮ್ಮ ಪಕ್ಕದಲ್ಲೇ ಕಿವಿ ನೆಟ್ಟುಕೊಂಡು ಕೂರುತ್ತಾನೆ. ಕೆಲವು ಮಾತು ನನಗೆ ಬರೆದರೇ ಬರುವುದು. ನಿಮ್ಮ ಕಾರ್ಖಾನೆಯ ಹೊಲಿಗೆ ಯಂತ್ರಗಳ ರಿಪೇರಿಯೆಲ್ಲ ಈಗ ನಿನ್ನ ಕೈಯಲ್ಲೇ ಎಂದು ತಿಳಿದ ದಿನ, ಶಾಲೆಯ ವರಾಂಡ ಒರೆಸುತ್ತಾ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಮುಖ್ಯೋಪಾಧ್ಯಾಯಿನಿಯವರಿಗೆ ಎರಡು ಸಲ ಹೇಳಿದೆನಂತೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಹೆಣ್ಣುಮಕ್ಕಳಿಗೆ ವಿಜ್ಞಾನದ ತರಗತಿ ನಡೆಯುತ್ತದೆ ಎಂದು ಬರೆದಿದ್ದೆನಲ್ಲ, ಒಂದು ಟ್ರಸ್ಟಿನವರು ಖರ್ಚು ನೋಡಿಕೊಳ್ಳುವುದು. ಕೂಲಿಯವರ, ಮನೆಗೆಲಸದವರ ಮಕ್ಕಳೇ ಎಲ್ಲ. ಶುರುವಾದಾಗ ಇಪ್ಪತ್ತು ಹುಡುಗಿಯರಿದ್ದರು. ಬರುಬರುತ್ತಾ ಒಂಬತ್ತಕ್ಕೆ ಇಳಿಯಿತು. ಬುಧವಾರ ಟ್ರಸ್ಟಿನಿಂದ ಒಬ್ಬರು ಬಂದು ನೋಡುತ್ತಾರೆ, ಅರ್ಧಕ್ಕಿಂತ ಕಡಿಮೆ ಇದ್ದರೆ ತರಗತಿ ಮುಚ್ಚುತ್ತಾರೆ ಎಂದು ಕಾಗದ ಬಂತು.

ಕಲಿಸುವ ಟೀಚರ್ ನಿನ್ನದೇ ವಯಸ್ಸಿನ ಹುಡುಗಿ, ಬಲು ಒಳ್ಳೆಯವಳು. ಮಕ್ಕಳಿಗೆ ಲೆಕ್ಕವೆಂದರೆ ಭಯ ಎಂದು ತೀರ್ಮಾನಿಸಿ ಗೋಡೆಗೆಲ್ಲ ಬಣ್ಣದ ಚಿತ್ರ ಅಂಟಿಸಿದಳು. ಸೂತ್ರಗಳಿಗೆ ರಾಗ ಹಾಕಿ ಹಾಡಿಸಿದಳು. ನೆಲದ ಮೇಲಿನ ಗೋಂದು ಕೆರೆಯುತ್ತಾ ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಬಾರದ ಹುಡುಗಿಯರನ್ನು ನಾನು ದಿನಾ ದಾರಿಯಲ್ಲಿ ನೋಡುತ್ತೇನೆ. ಸಂಜೆ ನಾಲ್ಕಕ್ಕೆ ಒಬ್ಬೊಬ್ಬಳ ಸೊಂಟದಲ್ಲೂ ಒಂದೊಂದು ಮಗು. ಅಮ್ಮಂದಿರು ಎರಡನೇ ಪಾಳಿಗೆ ಹೋಗುವ ಹೊತ್ತು ಅದು.

ಮಂಗಳವಾರ ಆ ಬೀದಿಗಳಿಗೆಲ್ಲ ಹೋಗಿ, ನಾಳೆ ಮಗುವನ್ನೂ ಎತ್ತಿಕೊಂಡೇ ಬನ್ನಿ, ನಾನಿದ್ದೇನೆ ಎಂದು ಹೇಳಿಬಂದೆ. ಶಾಲೆಯಲ್ಲಿ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ತರಗತಿಯ ಪಕ್ಕದ ಸಾಮಾನಿನ ಕೋಣೆಯಿಂದ ಮುರಿದ ಬೆಂಚುಗಳನ್ನು ಹೊರಗೆಳೆದು, ನೆಲ ತೊಳೆದು ಚಾಪೆ ಹಾಸಿದೆ. ಬುಧವಾರ ಹದಿನೇಳು ಹುಡುಗಿಯರು ಬಂದರು, ಜೊತೆಗೆ ಎಂಟು ಮರಿಗಳು. ಮುಖ್ಯೋಪಾಧ್ಯಾಯಿನಿಯವರ ಮುಖ ನೀನು ನೋಡಬೇಕಿತ್ತು. ಇದೇನು ಶಾಲೆಯೋ ಸಂತೆಯೋ ಎಂದು ಕಣ್ಣಲ್ಲೇ ಕೇಳಿದರು. ಬಾಯಿ ಬಿಡುವಂತಿರಲಿಲ್ಲ, ಟ್ರಸ್ಟಿನ ಮೇಡಂ ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಎಂಟು ಮಕ್ಕಳನ್ನು ಹಿಡಿಯಲು ನನಗಿರುವುದು ಎರಡೇ ಕೈ. ಒಬ್ಬ ಪೋರ, ಗುಂಡಣ್ಣ ಎಂದು ನಾನೇ ಹೆಸರಿಟ್ಟಿದ್ದೇನೆ, ಅಂಬೆಗಾಲಿಕ್ಕುತ್ತಾ ನೇರ ತರಗತಿಯೊಳಕ್ಕೆ ನುಗ್ಗಿದ. ಅಲ್ಲಿ ಹುಡುಗಿಯರು ತಾವೇ ಕಟ್ಟಿದ ಪುಟ್ಟ ಗಾಡಿಯೊಂದನ್ನು ನೆಲದ ಕಪ್ಪು ಗೆರೆಯ ಮೇಲೆ ಓಡಿಸುತ್ತಿದ್ದರು. ಎದುರಿಗೆ ಏನಾದರೂ ಸಿಕ್ಕಿದರೆ ಅದು ತಾನಾಗಿ ನಿಲ್ಲಬೇಕಂತೆ. ಮೂರು ಸಲ ನಿಲ್ಲದೆ ಪುಸ್ತಕದ ರಾಶಿಗೆ ಗುದ್ದಿತ್ತು. ಗುಂಡಣ್ಣ ಹೋಗಿ ಗೆರೆಯ ಮೇಲೆ ಪಟ್ಟಾಗಿ ಕೂತುಬಿಟ್ಟ. ಅವನ ಅಕ್ಕ ಓಡಿ ಹೋಗಿ ಎತ್ತಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ತಮ್ಮನ ಕಡೆ ನೋಡಲೂ ಇಲ್ಲ. ಬಗ್ಗಿ, ಎದುರಿಗಿರುವುದನ್ನು ಗುರುತಿಸಲು ಗಾಡಿಯ ಮುಂದೆ ಕೂರಿಸಿದ್ದ ಕಣ್ಣನ್ನು ಒಂಚೂರು ಕೆಳಕ್ಕೆ ತಿರುಗಿಸಿ, ಗಾಡಿಯನ್ನು ಬಿಟ್ಟಳು. ಗಾಡಿ ಅವನ ಕಾಲ್ಬೆರಳಿನಿಂದ ಗೇಣು ದೂರದಲ್ಲಿ ನಿಂತಿತು. ಅವನು ಚಪ್ಪಾಳೆ ತಟ್ಟಿದ, ಮೇಡಂ ಕೂಡ ತಟ್ಟಿದರು.

ಆಮೇಲೆ ಅವರು ಮುಂದಿನ ವರ್ಷಕ್ಕೆ ಏನೇನು ಬೇಕು ಎಂದು ಟೀಚರನ್ನು ಕೇಳಿದರು. ಅವಳು ದೂರದರ್ಶಕ, ಹೊಸ ಕಂಪ್ಯೂಟರ್ ಎಂದು ಪಟ್ಟಿ ಓದತೊಡಗಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

“ಮೇಡಂ, ಈ ಮಕ್ಕಳಿಗೆ ವಿಜ್ಞಾನ ಕಷ್ಟ ಅಲ್ಲ. ನಾಲ್ಕರಿಂದ ಆರರವರೆಗೆ ಮಗು ನೋಡ್ಕೊಳ್ಳೋರು ಬೇಕು, ಅಷ್ಟೆ” ಎಂದೆ.

ನಿಮಗೆ ಹೇಗೆ ಗೊತ್ತು ಎಂದು ಅವರು ನನ್ನ ಕಡೆ ತಿರುಗಿದರು. ಏನೋ ಒಂದು ಹೇಳಿದೆ ಬಿಡು. ಅವರು ಪೆನ್ನು ತೆಗೆದು ಬರೆದುಕೊಂಡರು.

ಶುಕ್ರವಾರ ಉತ್ತರ ಬಂತು. ತರಗತಿ ಇನ್ನೂ ಮೂರು ವರ್ಷ ನಡೆಯುತ್ತದೆ. ಅವರು ಒಪ್ಪಿದ ಪಟ್ಟಿಯಲ್ಲಿ ದೂರದರ್ಶಕಕ್ಕಿಂತ ಮೇಲಿನ ಸಾಲಿನಲ್ಲೇ ಮಕ್ಕಳ ಕೋಣೆ ಇದೆ, ಅದನ್ನು ನೋಡಿಕೊಳ್ಳಲು ಒಬ್ಬ ಆಯಾ. ಅಂದರೆ ನಿನ್ನ ಅಮ್ಮ. ಪೊರಕೆ ಹಿಡಿದ ಕೈಗೆ ಈ ವಯಸ್ಸಿನಲ್ಲಿ ಬಡ್ತಿ ನೋಡು! ಬಹಳ ಖುಷಿಯಾಗಿದ್ದೇನೆ ಕಣೇ. ನಿನ್ನೆ ಆರು ಮಕ್ಕಳು ನನ್ನ ಮೈಮೇಲೇ ನಿದ್ದೆ ಹೋದವು. ಪಕ್ಕದ ಕೋಣೆಯಲ್ಲಿ ಅವರ ಅಕ್ಕಂದಿರು ಯಾವ ತಂತಿ ಎಲ್ಲಿಗೆ ಎಂದು ಜಗಳವಾಡುತ್ತಿದ್ದರು. ಕೇಳುತ್ತಾ ಕೂತಿದ್ದೆ.

ಹೊತ್ತುಹೊತ್ತಿಗೆ ಊಟ ಮಾಡು. ಯಂತ್ರ ಕಾಯುತ್ತದೆ, ಹೊಟ್ಟೆ ಕಾಯುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಆ ಮೇಡಂಗೆ ನಾನು ಹೇಳಿದ್ದು ಇಷ್ಟೇ: ನನ್ನ ಮಗಳ ಸೊಂಟಕ್ಕೂ ನಾನು ಅವಳ ತಮ್ಮನನ್ನು ಹೊರಿಸಿದವಳೇ. ನೀನು ಏಳನೇ ತರಗತಿಯಲ್ಲಿದ್ದಾಗ, ಸಂಜೆಯ ವಿಜ್ಞಾನದ ತರಗತಿಗೆ ಆರಿಸಿದವರಲ್ಲಿ ನಿನ್ನ ಹೆಸರಿಲ್ಲ ಎಂದಿದ್ದೆನಲ್ಲ. ಇತ್ತು ಪುಟ್ಟಿ. ಮೊದಲನೆಯದೇ ನಿನ್ನದು. ನಿನ್ನ ಮೇಷ್ಟ್ರು ಮನೆ ಬಾಗಿಲಿಗೇ ಬಂದಿದ್ದರು. ನಮ್ಮ ಹುಡುಗಿಗೆ ಇಷ್ಟವಿಲ್ಲ ಎಂದು ನಾನೇ ಹೇಳಿ ಕಳಿಸಿದೆ. ನನ್ನ ಪಾಳಿ ತಪ್ಪಿದರೆ ಅಂದು ಒಲೆ ಉರಿಯುತ್ತಿರಲಿಲ್ಲ, ಅದು ನಿಜ. ಆದರೆ ನಿನಗೆ ಸುಳ್ಳು ಹೇಳಿದ್ದು ನಿಜ ಹೇಳುವ ಧೈರ್ಯವಿಲ್ಲದೆ. ನೀನು ದಡ್ಡಿ ಎಂದು ನೀನೇ ಅಂದುಕೊಂಡು ಬೆಳೆದೆ, ನಾನು ನೋಡುತ್ತಾ ಸುಮ್ಮನಿದ್ದೆ. ಬೈಯಬೇಕೆನಿಸಿದರೆ ಬೈದು ಬರೆ, ಓದುತ್ತೇನೆ. ಇನ್ನೊಂದು ಮಾತು. ಶನಿವಾರಗಳಲ್ಲಿ ಮೋಟಾರು ಬಿಚ್ಚಿ ಕಟ್ಟುವುದನ್ನು ಕಲಿಸುವವರನ್ನು ನಮ್ಮ ಟೀಚರ್ ಹುಡುಕುತ್ತಿದ್ದಾಳೆ. ನಿಮ್ಮ ಮಗಳು ಬರುತ್ತಾಳಾ ಎಂದು ಕೇಳಿದಳು. ಈ ಸಲ ನಿನ್ನ ಪರವಾಗಿ ನಾನು ಉತ್ತರ ಹೇಳಿಲ್ಲ.