ಡಿಕ್ಷನರಿಯ ಮೇಲಿನ ಹೆಸರು

ಲೇ ಮೊಂಡಿ,

ವಿಳಾಸವನ್ನೂ ಕೊಡದೆ ಮನೆ ಬದಲಿಸಿದವಳು ನೀನು. ಈ ಕಾಗದ ನಿನಗೆ ತಲುಪುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇವತ್ತು ದೊಡ್ಡವರ ಇಂಗ್ಲಿಷ್ ತರಗತಿಯಲ್ಲಿ ‘ಲೆಂಡ್’ ಕಲಿಸಿದೆ. ಬರೀ ಕೊಡುವುದಲ್ಲ, ವಾಪಸು ಬರುತ್ತದೆಂದು ನಂಬಿ ಕೊಡುವುದು ಎಂದು ಬೋರ್ಡಿನ ಮೇಲೆ ಬರೆದೆ. ಆಮೇಲೆ, ನಾವಿಬ್ಬರೂ ಇಲ್ಲಿ ಪಾಠ ಮಾಡುತ್ತಿದ್ದಾಗ ನೀನು ಸೂಚಿಸಿದ್ದ ಕ್ರಮ. ಪ್ರತಿಯೊಬ್ಬರೂ ಪಕ್ಕದವರಿಂದ ಒಂದು ವಸ್ತುವನ್ನು ಇಂಗ್ಲಿಷಿನಲ್ಲೇ ಕೇಳಿ ಪಡೆಯಬೇಕು. ಎಲ್ಲವೂ ಅವರವರ ಕೈ ಸೇರುವ ತನಕ ಪಾಠ ಮುಗಿಯಬಾರದು. ಇದನ್ನೇ ಅಂದು ನಾನು ಎಲ್ಲರೆದುರು ‘ಮಕ್ಕಳಾಟ’ ಎಂದು ನಕ್ಕಿದ್ದೆ. ಮರುದಿನದಿಂದ ನೀನು ಬರಲಿಲ್ಲ.

ತರಗತಿ ಸಂತೆಯಾಯಿತು. ಬಸ್ ಡ್ರೈವರನ ಕನ್ನಡಕ ಕ್ಷೌರಿಕನ ಮೂಗೇರಿತು. ನರ್ಸಮ್ಮ ಟೈಲರನ ಅಳತೆ ಟೇಪನ್ನು ಸ್ಟೆತಾಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡಳು. ತಿಂಗಳಿಡೀ ಉರು ಹೊಡೆಸಿದರೂ ಬಾರದ, ‘ಪ್ಲೀಸ್’ ಎಂದು ಕೇಳುವ ವಾಕ್ಯ ಅರ್ಧ ಗಂಟೆಯಲ್ಲಿ ಎಲ್ಲರ ನಾಲಿಗೆಗೂ ಹತ್ತಿತು. ನಾನು ಒಳ್ಳೆಯ ಟೀಚರೇ ಕಣೇ, ಅದರಲ್ಲಿ ಅನುಮಾನ ಬೇಡ.

ಎಲ್ಲ ವಸ್ತುಗಳೂ ಹಿಂದಿರುಗಿದ ಮೇಲೆ ಡ್ರೈವರ್ ನನ್ನ ಕೈಯಲ್ಲಿದ್ದ ಡಿಕ್ಷನರಿ ತೋರಿಸಿದ. “ಟೀಚರ್, ಅದ್ರ ಮೇಲೆ ಬೇರೆಯವ್ರ ಹೆಸ್ರಿದೆಯಲ್ಲಾ?”

“ಹೌದು, ನನ್ನ ಗೆಳತಿ ಲೆಂಡ್ ಮಾಡಿದ್ದು,” ಎಂದೆ, ಗಟ್ಟಿಯಾಗಿಯೇ.

“ಯಾವಾಗ?”

“ಒಂಬತ್ತು ವರ್ಷ ಆಯ್ತು.”

ನರ್ಸಮ್ಮ ಎತ್ತಿಕೊಂಡಿದ್ದ ಚೀಲವನ್ನು ಮತ್ತೆ ಕೆಳಗಿಟ್ಟಳು. “ಹಾಗಾದ್ರೆ ಪಾಠ ಇನ್ನೂ ಮುಗಿದಿಲ್ಲ, ಅಲ್ವಾ?”

ನಗುತ್ತಲೇ ಎಲ್ಲರನ್ನೂ ಮನೆಗೆ ಕಳಿಸಿದೆ. ದಿನವೂ ಬೋರ್ಡ್ ಒರೆಸಿಯೇ ಬಾಗಿಲು ಹಾಕುವವಳು ನಾನು. ಇವತ್ತು ಒರೆಸಲಿಲ್ಲ.