ಸ್ಟೇರಿಂಗಿಗೆ ಕಟ್ಟಿದ ಮುಚ್ಚಳ

ಹನುಮಾನ್ ಘಾಟ್, ವಾರಾಣಸಿ
೨೮ ಮಾರ್ಚ್ ೨೦೨೫

ಪ್ರಿಯ ಪದ್ಮನಾಭಾ,

ಇದೇ ಮಾರ್ಚ್ ಹತ್ತರಂದು, ಸೋಮವಾರ, ನಮ್ಮ ಯಾತ್ರಿ ಸೇವಾ ಸಂಘದ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. ‘ಶ್ರೀ ಜಯತೀರ್ಥ ಅವರ ಹವ್ಯಾಸಿ ರಿಪೇರಿಯಿಂದಾಗಿ ಪಿಕಪ್ ಗಾಡಿಯ ಬ್ರೇಕ್ ಕೈಕೊಟ್ಟು ಅಡುಗೆಯ ಕಾಶಮ್ಮನವರ ಕೈ ಮುರಿದಿದೆ. ಇನ್ನು ಮುಂದೆ ಅವರು ಶೆಡ್ಡಿಗೆ ಬರಕೂಡದು.’ ಇಪ್ಪತ್ತೆರಡು ವರ್ಷ ಆ ಗಾಡಿಯ ಕೆಳಗೆ ಮಲಗಿ ಬೆನ್ನು ಸವೆಸಿದವನಿಗೆ ಎರಡು ವಾಕ್ಯ. ಕೆಳಗೆ ಕಾರ್ಯದರ್ಶಿಯ ಸಹಿ, ಅಂದರೆ ನಿನ್ನ ಅಳಿಯ ವಿನಾಯಕನದು.

ನಮಸ್ಕಾರ ಹೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಸಂಕ್ರಾಂತಿಗೆ ನೀನು ಹುಬ್ಬಳ್ಳಿಯಿಂದ ಬರೆದ ಪತ್ರಕ್ಕೂ ಉತ್ತರ ಕೊಟ್ಟಿರಲಿಲ್ಲ, ಕ್ಷಮಿಸು. ಮೊದಲು ಕುಂಭದಿಂದ ಇತ್ತ ನುಗ್ಗಿದ ಜನ, ಆಮೇಲೆ ಈ ರಂಪ. ಮಂಡಿನೋವು ಹೇಗಿದೆ? ಇಲ್ಲಿ ಆಗಲೇ ಸೆಕೆ. ಓದಲು ಕೂತರೆ ಒಂದು ಪುಟವೂ ತಲೆಗೆ ಹೋಗುವುದಿಲ್ಲ. ನಲವತ್ತು ವರ್ಷ ಗ್ರಂಥಾಲಯದಲ್ಲಿ ಕೂತವನಿಗೆ ಇದು ಹೊಸ ಕಾಯಿಲೆ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಫೆಬ್ರವರಿ ಮೂರನೆಯ ವಾರ ಬ್ರೇಕ್ ಪೆಡಲ್ ಮೆಲ್ಲಗೆ ಕೆಳಗಿಳಿಯತೊಡಗಿತ್ತು. ಒತ್ತಿ ಹಿಡಿದರೆ ಕಾಲು ನೆಲಕ್ಕೇ ತಾಗುತ್ತಿತ್ತು. ಎಲ್ಲೂ ಸೋರಿಕೆ ಇಲ್ಲ. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದೆ ಎಂದು ಖಚಿತವಾಯಿತು. ತೊಂಬತ್ತೆಂಟರ ಗಾಡಿಯ ರಬ್ಬರು ಸುಲಭಕ್ಕೆ ಸಿಗುತ್ತದೆಯೇ? ಬಿಡಿಭಾಗದ ಅಂಗಡಿಯ ಬದರೀನಾರಾಯಣ ಕಾನ್ಪುರದಿಂದ ತರಿಸಿಕೊಡುತ್ತೇನೆ, ನಾಲ್ಕು ದಿನ ಅಂದ. ನಾನು ಬ್ರೇಕ್ ಆಯಿಲನ್ನು ಸಿರಿಂಜಿನಿಂದ ಹೊರತೆಗೆದೆ. ಆ ಆಯಿಲ್ ಡಬ್ಬಿಯ ಮುಚ್ಚಳವನ್ನು ತಂತಿಯಿಂದ ಸ್ಟೇರಿಂಗಿಗೆ ಕಟ್ಟಿ ಮನೆಗೆ ಬಂದೆ.

ಏಕೆ ಕಟ್ಟಿದೆ ಎಂದು ನಿನಗೆ ಹೇಳಬೇಕೆ? ೨೦೦೪ರ ಕಾರ್ತಿಕ ಮಾಸ. ನೀನು ಬಾನೆಟ್ಟಿನೊಳಗೆ ಫ್ಯಾನ್ ಬೆಲ್ಟ್ ಮೇಲೆ ಕೈಯಿಟ್ಟಿದ್ದೆ, ನಾನು ಮ್ಯಾನುಯಲ್ ಓದಿ ಹೇಳುತ್ತಿದ್ದೆ. ‘ಮುಂದಿನದು ಓದೋ’ ಅಂದೆ ನೀನು. ನನಗೆ ಕೆಲಸ ಮುಗಿಯಿತು ಅನ್ನಿಸಿ ಕೀಲಿ ತಿರುಗಿಸಿದೆ. ನಿನ್ನ ಎಡಗೈ ಹೆಬ್ಬೆರಳಿನ ತುದಿ ಹೋಯಿತು. ಆಸ್ಪತ್ರೆಯಲ್ಲಿ ಬಾಗಿಲಿಗೆ ಸಿಕ್ಕಿತು ಎಂದು ಹೇಳಿ ನನ್ನನ್ನು ಉಳಿಸಿದೆ. ಪಟ್ಟಿ ಬಿಚ್ಚಿದ ದಿನ ರಿಪೇರಿ ಪುಸ್ತಕದ ಮೊದಲ ಪುಟದಲ್ಲಿ ನೀನೇ ಬರೆದೆ: ಏನು ಬಿಚ್ಚಿದರೂ ಅದರದೊಂದು ತುಂಡನ್ನು ಸ್ಟೇರಿಂಗಿಗೆ ಕಟ್ಟಬೇಕು, ಅದು ಅಲ್ಲಿರುವವರೆಗೆ ಯಾರೂ ಕೀಲಿ ಮುಟ್ಟಬಾರದು, ಕಟ್ಟಿದವನೇ ಬಿಚ್ಚಬೇಕು. ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ನೀನು ಇಲ್ಲಿಂದ ಹೋದ ಈ ಎರಡು ವರ್ಷದಲ್ಲೂ.

ಇಪ್ಪತ್ನಾಲ್ಕನೆಯ ತಾರೀಖು ಡ್ರೈವರ್ ರಜೆಯಲ್ಲಿದ್ದ. ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದ ಅಕ್ಕಿಚೀಲ ತರಲು ವಿನಾಯಕನೇ ಗಾಡಿ ತೆಗೆದ. ಬರುವಾಗ ಮೇಲ್ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಗೋಡೆಗೆ ಗುದ್ದಿಸಿ ನಿಲ್ಲಿಸಿದ. ಹಿಂದೆ ಚೀಲಗಳ ಜೊತೆ ಕೂತಿದ್ದ ಕಾಶಮ್ಮನ ಕೈ ಮುರಿಯಿತು.

ಮರುದಿನ ನಾನೇ ಸಿಲಿಂಡರ್ ಬಿಚ್ಚಿ ರಬ್ಬರನ್ನು ಬದರೀನಾರಾಯಣನಿಗೆ ತೋರಿಸಿದೆ. ಅವನು ಮೂಸಿ ನೋಡಿ, “ಕಾ ಗುರು, ಈ ರಬ್ಬರ್ ಹೈ ಕಿ ಭಟೂರಾ?” ಅಂದ. ಪೂರಿಯ ಹಾಗೆ ಉಬ್ಬಿತ್ತು. ಯಾರೋ ಬ್ರೇಕಿನ ಡಬ್ಬಿಗೆ ಇಂಜಿನ್ ಆಯಿಲ್ ಸುರಿದಿದ್ದಾರೆ, ಅದು ಈ ರಬ್ಬರನ್ನು ತಿಂದುಹಾಕುತ್ತದೆ ಎಂದ. ಸವೆದ ರಬ್ಬರು, ಅದರ ಮೇಲೆ ಬೇರೆ ಎಣ್ಣೆ.

ಆ ಯಾರೋ ಯಾರೆಂದು ಕಾಶಮ್ಮ ಹೇಳಿದಳು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು. “ಯಪ್ಪಾ, ಸಾಹೇಬ್ರು ತಂತಿ ಬಿಚ್ಚಿದ್ದು ಕಣ್ಣಾರೆ ನೋಡೀನ್ರಿ. ಬಿಚ್ಚಬ್ಯಾಡ್ರಿ, ಜಯತೀರ್ಥಪ್ಪಾರು ಕಟ್ಯಾರ ಅಂದೆ. ಸುಮ್ನ ಹಿಂದ ಹತ್ತು, ಆ ಮುದುಕನ ಆಟ ನನಗ ಗೊತ್ತೈತಿ ಅಂದ್ರು. ಅಲ್ಲೇ ಇದ್ದ ಡಬ್ಬಿ ಎಣ್ಣಿ ಸುರದು ಮುಚ್ಚಳ ಹಾಕಿದ್ರು.”

“ಸಭೆಯಲ್ಲಿ ಇದನ್ನು ಹೇಳ್ತೀಯಾ?” ಅಂದೆ.

“ಹೇಳಿದ್ರ ಅಡಗಿಮನಿಯಿಂದ ಹೊರಗ ಹಾಕ್ತಾರ. ಒಂದ ಕೈಯಾಗ ಎಲ್ಲಿಗಿ ಹೋಗ್ಲಿ ಯಪ್ಪಾ?”

ನಾನು ಒತ್ತಾಯಿಸಲಿಲ್ಲ. ಹೊಟ್ಟೆಪಾಡಿನ ಮೇಲೆ ಕಾಲಿಟ್ಟು ನನ್ನ ಮಾನ ಉಳಿಸಿಕೊಳ್ಳುವುದು ಬೇಡ.

ನೋಟಿಸ್ ಅಂಟಿಸಿದ ದಿನವೇ ವಿನಾಯಕನ ಕೋಣೆಗೆ ಹೋದೆ. ಕೂತುಕೊಳ್ಳಿ ಅನ್ನಲಿಲ್ಲ.

“ಅಂಕಲ್, ಒಂದು ಮುಚ್ಚಳ ನೇತಾಡ್ತಿದ್ರೆ ಯಾರಿಗೆ ಏನು ಗೊತ್ತಾಗ್ಬೇಕು? ಚೀಟಿ ಅಂಟಿಸಬೇಕಿತ್ತು.”

“ಹನ್ನೊಂದು ವರ್ಷ ಆ ಶೆಡ್ಡಿನಲ್ಲಿ ಓಡಾಡಿದ್ದೀಯ. ಪದ್ಧತಿ ನಿನಗೆ ಗೊತ್ತಿಲ್ಲವಾ?”

“ಯಾವ ಪದ್ಧತಿ? ಸಾಕ್ಷಿ ಯಾರು?”

“ರಿಪೇರಿ ಪುಸ್ತಕ ತೆಗೆದು ನೋಡು.”

“ಪುಸ್ತಕ ಗಿಸ್ತಕ ಏನೂ ಇಲ್ಲ ಅಲ್ಲಿ.” ಆ ಪುಸ್ತಕ ನಮ್ಮ ಸಾಮಾನಿನ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಗೆ ಅವನು ಬೀಗ ಜಡಿದಿದ್ದಾನೆ.

“ಹಾಗಾದರೆ ನಿನ್ನ ಮಾವನನ್ನು ಕೇಳು,” ಅಂದೆ. ಅವನು ನಕ್ಕ. ಆ ನಗೆ ನನಗೆ ಆಗ ಅರ್ಥವಾಗಲಿಲ್ಲ.

ಈಗ ಗಲ್ಲಿಯಲ್ಲಿ ಎದುರಾದವರು, “ಏನ್ ಸ್ವಾಮಿ, ಇವತ್ತು ಯಾರ ಬ್ರೇಕ್ ತೆಗೆದಿರಿ?” ಎಂದು ಕೇಳುತ್ತಾರೆ. ನಾವಿಬ್ಬರೂ ಮೂರು ಸಲ ಇಂಜಿನ್ ಇಳಿಸಿ ಏರಿಸಿದ ಗಾಡಿ ಟಾರ್ಪಾಲಿನ ಕೆಳಗೆ ಗುಜರಿಯವನಿಗಾಗಿ ಕಾಯುತ್ತಿದೆ. ಅದಕ್ಕೆ ನನಗೆ ದುಃಖವಿಲ್ಲ, ಕಬ್ಬಿಣಕ್ಕೆ ವಯಸ್ಸಾಗುತ್ತದೆ. ಆದರೆ ಒಬ್ಬ ಹೆಂಗಸಿನ ಕೈ ಮುರಿದವನು ಎಂಬ ಹೆಸರು ಹೊತ್ತು ನಾನು ಈ ಊರಿನಲ್ಲಿ ಸಾಯಲಾರೆ.

ಕೃಷ್ಣವೇಣಿ ಮೊನ್ನೆ ಘಾಟಿನಲ್ಲಿ ಸಿಕ್ಕಿದ್ದಳು. ತಲೆ ತಗ್ಗಿಸಿ ಹೋದಳು ಪಾಪ, ಗಂಡನ ತಪ್ಪಿಗೆ ನಿನ್ನ ಮಗಳೇನು ಮಾಡಿಯಾಳು. ಮೊಮ್ಮಗಳು ಶರಣ್ಯಾ ಮಾತ್ರ “ನಾನಾಜೀ” ಎಂದು ಕೂಗಿ ಓಡಿಬಂದಳು. ಆ ಮಗುವಿಗೆ ವಿಶ್ವನಾಥ ಒಳ್ಳೆಯ ಬುದ್ಧಿ, ಉದ್ದ ಆಯಸ್ಸು ಕೊಡಲಿ. ನಿನ್ನ ಮಂಡಿಗೂ ಸುಖ ಕೊಡಲಿ.

ಇಂತು ನಿನ್ನ
ಜಯತೀರ್ಥ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಬೋರ್ಡಿನ ಮೇಲೆ ಎರಡನೆಯ ಹಾಳೆ ಬಂದಿದೆ. ‘ಗಾಡಿಯ ಬಿಡಿಭಾಗವನ್ನು ಸ್ಟೇರಿಂಗಿಗೆ ಕಟ್ಟುವ ಪದ್ಧತಿ ನನಗೆ ತಿಳಿದಂತೆ ಎಂದೂ ಇರಲಿಲ್ಲ.’ ಕೆಳಗಿರುವುದು ನಿನ್ನ ಸಹಿ. ಬೇರೆಯವರದಾಗಿರಲಿ ಎಂದು ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದೆ. ಅಳಿಯನನ್ನು ಉಳಿಸಬೇಕಿತ್ತು, ಗೊತ್ತು. ಒಂದು ಕಾಲಕ್ಕೆ ಹೀಗೆಯೇ ನನ್ನನ್ನೂ ಉಳಿಸಿದ್ದೆ. ಆದರೆ ಅಂದಿನ ಸುಳ್ಳಿಗೆ ನಿನ್ನ ಬೆರಳನ್ನು ನೀನೇ ತೆತ್ತಿದ್ದೆ.

ಏಪ್ರಿಲ್ ಹದಿಮೂರು, ಭಾನುವಾರ, ಸಂಘದ ಸಭೆ. ನನಗೆ ಗುಟ್ಟಾಗಿ ಫೋನ್ ಮಾಡಬೇಡ, ಸಮಾಧಾನದ ಪತ್ರ ಬರೆಯಬೇಡ. ಬಾ. ಕೀಲಿ ತಿರುಗಿಸಿದ ನನ್ನ ತಪ್ಪನ್ನೂ ಸೇರಿಸಿ ಹೇಳು, ನಾನು ಎದ್ದು ನಿಂತು ಒಪ್ಪಿಕೊಳ್ಳುತ್ತೇನೆ. ಆಮೇಲೆ ಆ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಉತ್ತರ ಕೊಡು: ಆ ಪದ್ಧತಿ ಇತ್ತೋ, ಇರಲಿಲ್ಲವೋ?