ಕುತ್ತಿಗೆ ಎಳೆಯೋ ಯಂತ್ರ

ಮನೆಯಿಂದ, ಮಾರ್ಚ್ ೧೧, ಮಧ್ಯಾಹ್ನ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯಾ? ನಿದ್ದೆ ಬರ್ತಿದೆಯಾ? ನಿನ್ನ ಗಂಡ ಒದ್ದಿದ್ದ ಪಕ್ಕೆಯ ನೋವು ಕಮ್ಮಿಯಾಯ್ತಾ? ಕೂಸಿಗೆ ಹಲ್ಲು ಬಂತಂತೆ, ನಿನ್ನ ಗೆಳತಿ ಹೇಳಿದಳು. ಕಚ್ಚಿದರೆ ಬೈಬೇಡ, ನೀನೂ ಕಚ್ಚುತ್ತಿದ್ದೆ. ಇಲ್ಲಿ ಅಪ್ಪನ ಧ್ವನಿ ಇನ್ನೂ ಕೂತಿದೆ, ಗಟ್ಟಿ ಏನೂ ನುಂಗೋಕಾಗ್ತಿಲ್ಲ. ಯಾಕೆ ಅಂತ ಅವರಿವರ ಬಾಯಿಂದ ಕೇಳೋದಕ್ಕಿಂತ ನನ್ನಿಂದಲೇ ಕೇಳು.

ಟಿವಿ ನೋಡಿ ಸಾಮಾನು ತರಿಸೋ ಅಪ್ಪನ ಚಟ ನಿನಗೆ ಗೊತ್ತೇ ಇದೆ. ಕೂದಲು ಬೆಳೆಸೋ ಟೋಪಿ ಹಾಕ್ಕೊಂಡು ಇದ್ದಬದ್ದ ನಾಲ್ಕು ಕೂದಲೂ ಉದುರಿಸಿಕೊಂಡರು. ಹೊಟ್ಟೆ ಕರಗಿಸೋ ಬೆಲ್ಟು ಗಡಗಡ ನಡುಗಿ ಅವರ ಹಲ್ಲುಸೆಟ್ಟನ್ನೇ ಬೀಳಿಸಿತು. ಈ ಸಲದ್ದು ಕುತ್ತಿಗೆ ಎಳೆಯೋ ಯಂತ್ರ. ಬಾಗಿಲ ಮೇಲೊಂದು ಕೊಕ್ಕೆ, ಅದರ ಮೇಲೆ ಹಾಯ್ದ ಹಗ್ಗ, ಒಂದು ತುದಿಗೆ ಗದ್ದ ಕಟ್ಟೋ ಪಟ್ಟಿ, ಇನ್ನೊಂದು ತುದಿಗೆ ನೀರಿನ ಚೀಲ. ಜನ್ಮವೆಲ್ಲ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದ ಕುತ್ತಿಗೆಯೂ ನೆಟ್ಟಗಾಗುತ್ತೆ ಅಂತ ಟಿವಿಯವನು ಹೇಳಿದ್ದ. ಆನೆ ನೇತಾಡಿದರೂ ಕೊಕ್ಕೆ ಮುರಿಯಲ್ಲ ಅಂತಲೂ ಹೇಳಿದ್ದ.

ಭಾನುವಾರ ಅಪ್ಪ ಕೋಣೆ ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು, ಗದ್ದ ಕಟ್ಟಿಸಿಕೊಂಡು ಕೂತಿದ್ದರು. ನಾನು ನಗು ತಡೀತಾ ಗಿರಾಕಿಗಳ ಬಟ್ಟೆ ಇಸ್ತ್ರಿ ಮಾಡ್ತಿದ್ದೆ. ನಿನ್ನ ಗಂಡ ಬೀದಿ ಬಾಗಿಲು ಒದ್ದು ಒಳಗೆ ಬಂದ. "ಎಲ್ಲಿಟ್ಟಿದ್ದೀರಿ ಅವಳನ್ನ?" ಅಂದ. ಅಪ್ಪ ಗಾಬರಿಯಲ್ಲಿ ಪಟ್ಟಿ ಬಿಚ್ಚೋಕೆ ಹೋದರು, ಆಗಲಿಲ್ಲ. ಮುಖಕ್ಕೆ ಗುದ್ದಿದ. ಮೂಗಿಂದ ರಕ್ತ ಸುರಿದು ಬನಿಯನ್ ಒದ್ದೆಯಾಯ್ತು. ಆಮೇಲೆ ನೀರಿನ ಚೀಲ ಕಿತ್ತೆಸೆದು, ಹಗ್ಗ ಕೈಗೆ ಸುತ್ತಿಕೊಂಡು ಜೋತುಬಿದ್ದ. ಪಟ್ಟಿ ಗಂಟಲಿಗೆ ಜಾರಿತು, ಅಪ್ಪನ ಕಾಲು ನೆಲ ಬಿಟ್ಟಿತು. "ಹೇಳು ಮುದುಕ, ಹೇಳು" ಅಂತಾನೆ. ಗಂಟಲು ಬಿಗಿದವರು ಮಾತು ಹೇಗೆ ಆಡ್ತಾರೆ? ಅಷ್ಟೂ ತಲೆಯಿಲ್ಲದವನು ನಮ್ಮಳಿಯ.

ನಾನು ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಮೊಣಕೈಗೆ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿಸ್ತು. ಆದರೂ ಹಗ್ಗ ಬಿಡಲಿಲ್ಲ. ಅಷ್ಟರಲ್ಲಿ ಆ ಆನೆ ಕೊಕ್ಕೆ ಪಟ್ಟಂತ ಮುರಿದು ಅಪ್ಪ ಕೆಳಗೆ ಬಿದ್ದರು. ಕಳಪೆ ಮಾಲು ಕಳಿಸಿದವನ ಹೊಟ್ಟೆ ತಣ್ಣಗಿರಲಿ. ನಿನ್ನ ಗಂಡನೂ ಬಿದ್ದ. ಮುರಿದ ಕೈ ಹಿಡ್ಕೊಂಡು ನನ್ನ ಕಾಲ ಹತ್ತಿರ "ಅತ್ತೆ, ಸಾಕು" ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿನ್ನ ಪಕ್ಕೆ ನೆನಪಾಯ್ತು. ಮೊಣಕಾಲಿಗೆ ಇನ್ನೊಂದು ಕೊಟ್ಟೆ. ಪ್ಯಾಂಟು ಸುಟ್ಟ ವಾಸನೆ ಬಂತು. ಅಕ್ಕಪಕ್ಕದವರು ಓಡಿಬಂದು ನನ್ನ ಕೈಯಿಂದ ಅದನ್ನ ಬಿಡಿಸಿಕೊಂಡರು.

ನಿನ್ನೆ ಆ ಕಂಪನಿಯ ಹುಡುಗಿ ಫೋನ್ ಮಾಡಿ, ಕುತ್ತಿಗೆಗೆ ಗುಣ ಕಾಣಿಸ್ತಾ ಸರ್ ಅಂತ ಕೇಳಿದಳು. ಅಪ್ಪ ಪಿಸುದನಿಯಲ್ಲೇ "ಉದ್ದ ಆಗಿದೆ ಕಣಮ್ಮ" ಅಂದರು. ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವರು ಅಳೋಕೆ ಶುರುಮಾಡಿದರು.

ಹೊತ್ತುಹೊತ್ತಿಗೆ ಉಣ್ಣು. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು, ಅಜ್ಜನದೊಂದು. ನೀವಿಬ್ಬರೂ ನೆಮ್ಮದಿಯಾಗಿ ನೂರ್ಕಾಲ ಬಾಳಿ.

ನಿನ್ನ
ಅಮ್ಮ

ತಾ.ಕ.: ಎರಡನೇ ಏಟಿಗೆ ಅವನ ಕಡೆಯವರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ನಾಳೆ ಪೊಲೀಸರು ಕರ್ಕೊಂಡು ಹೋಗ್ತಾರಂತೆ, ವಕೀಲರು ಈಗಷ್ಟೇ ಹೇಳಿದರು. ಕೇಳಿದರೆ ಹೊಡೆದಿದ್ದು ಹೌದು ಅಂತಲೇ ಹೇಳ್ತೀನಿ. ನಾನು ಒಳಗೆ ಹೋದರೆ ನೀನು ಓಡಿಬರ್ತೀಯ ಅಂತ ಅವನ ಕಡೆಯವರು ಕಾಯ್ತಿದ್ದಾರೆ. ಅಪ್ಪ ಫೋನ್ ಮಾಡಿ ಅತ್ತು ಕರೆದರೂ ಬರಬೇಡ.